‘ಬಂಟಿ ಔರ್ ಬಬ್ಲಿ 2’: ಟೋಪಿ ಹಾಕೋ ಕತೆಯ ಎರಡನೇ ಭಾಗ ಎಡವಿದ್ದು ಎಲ್ಲಿ?

ಇಂಟರ್ವಲ್_ಚಹಾ ಕೇಳಿದ್ದು:

2005ರ ‘ಬಂಟಿ ಔರ್ ಬಬ್ಲಿ’ ಮತ್ತು 2021ರ ನವೆಂಬರ್ 19ಕ್ಕೆ ತೆರೆಗೆ ಬಂದ ಅದರ ಎರಡನೇ ಭಾಗ, ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಆಶ್ಚರ್ಯವಾಗುತ್ತೆ. ನಿರ್ಮಾಣ ಅದೇ ಯಶ್ ರಾಜ್, ನಾಯಕಿ ಅದೇ ರಾಣಿ ಮುಖರ್ಜಿ, ಸಂಗೀತ ಅದೇ ಶಂಕರ್-ಎಹಸಾನ್-ಲಾಯ್. ಇಷ್ಟೆಲ್ಲ ಇದ್ದೂ ಮೊದಲನೆಯದು ಇವತ್ತಿಗೂ ಮತ್ತೆ ಮತ್ತೆ ನೋಡಿಸಿಕೊಳ್ಳುತ್ತೆ, ಎರಡನೆಯದು ಮುಗಿದ ಮೇಲೆ ಒಂದು ದೃಶ್ಯವೂ ನೆನಪಲ್ಲಿ ನಿಲ್ಲಲ್ಲ.

ಮೊದಲನೆಯದರಲ್ಲಿ ಬಂಟಿ ಆಗಿದ್ದವರು ಅಭಿಷೇಕ್ ಬಚ್ಚನ್, ಎರಡನೆಯದರಲ್ಲಿ ಆ ಜಾಗಕ್ಕೆ ಸೈಫ್ ಅಲಿ ಖಾನ್ ಬಂದರು. ‘ಅಭಿಷೇಕ್ ಇಲ್ಲ, ಅದಕ್ಕೇ’ ಅನ್ನೋ ಒಂದು ಸಾಲಿನ ಉತ್ತರ ಎಲ್ಲ ಕಡೆ ಸಿಗುತ್ತೆ. ಅದು ಬೇಡ. ಚಿತ್ರಕಥೆ ಬಲ್ಲವರು ಸ್ವಲ್ಪ ಬಿಚ್ಚಿ ಹೇಳಿ: ಮೋಸದ ದೃಶ್ಯಗಳಲ್ಲಿ ಏನು ಕಡಿಮೆಯಾಯಿತು? ಪ್ರೀತಿ, ಅಪರಾಧ, ಹಾಸ್ಯ ಮೂರೂ ಬೆರೆತ ಕತೆಗೆ ಸೀಕ್ವೆಲ್ ಮಾಡೋದೇ ಕಷ್ಟವಾ, ಅಥವಾ ಚೆನ್ನಾಗಿ ಮಾಡಿದ ಉದಾಹರಣೆ ಹಿಂದಿಯಲ್ಲೇ ಇದೆಯಾ? ನೋಡದವರಿಗೆ ಒಂದು ಮಾತು: ಕೆಳಗೆ ಕತೆಯ ಗುಟ್ಟುಗಳು ಬರುತ್ತವೆ.

ಕತ್ತರಿ_ಟೇಬಲ್:

ಮೋಸದ ದೃಶ್ಯದಿಂದಲೇ ಶುರು ಮಾಡೋಣ, ಕತೆ ಬಿದ್ದಿರೋದೇ ಅಲ್ಲಿ.

ಟೋಪಿ ಹಾಕೋ ದೃಶ್ಯ ನಿಲ್ಲಬೇಕಾದರೆ ನಾಲ್ಕು ಸಂಗತಿ ಬೇಕು. ಮಿಕಕ್ಕೆ ಒಂದು ಆಸೆ ಇರಬೇಕು, ಅದು ನಮಗೆ ಮೊದಲೇ ಕಾಣಬೇಕು. ಆ ಆಸೆಗೆ ತಕ್ಕ ವೇಷ ಇರಬೇಕು. ಯೋಚನೆ ಮಾಡಲು ಬಿಡದ ಅವಸರ ಇರಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಮೋಸ ಹೋದವನು ಯಾಕೆ ದೂರು ಕೊಡಲ್ಲ ಅನ್ನೋದಕ್ಕೆ ಕಾರಣ.

ಇದಕ್ಕೆ ನಿಜ ಜೀವನದ ಮಾದರಿ ವಿಕ್ಟರ್ ಲುಸ್ಟಿಗ್. 1925ರಲ್ಲಿ ಪ್ಯಾರಿಸ್ಸಿನ ದೊಡ್ಡ ಹೋಟೆಲಿಗೆ ಗುಜರಿ ವ್ಯಾಪಾರಿಗಳನ್ನು ಕರೆಸಿ, ತಾನು ಸರ್ಕಾರಿ ಅಧಿಕಾರಿ ಅಂತ ಹೇಳಿಕೊಂಡು, ಐಫೆಲ್ ಗೋಪುರವನ್ನು ಕಬ್ಬಿಣದ ಲೆಕ್ಕದಲ್ಲಿ ಮಾರಿದ. ಜನರ ವಿರೋಧ ಬರಬಹುದು, ವಿಷಯ ಗುಟ್ಟಾಗಿರಲಿ ಅಂದ. ಅಲ್ಲಿಗೆ ಅವಸರವೂ ಆಯಿತು, ಬಾಯಿಗೆ ಬೀಗವೂ ಬಿತ್ತು. ಕೊಳ್ಳುವವನಿಗೆ ಅನುಮಾನ ಬಂದಾಗ ಲುಸ್ಟಿಗ್ ಮಾಡಿದ್ದೇನು? ಲಂಚದ ಸುಳಿವು ಕೊಟ್ಟ. ಲಂಚ ಕೇಳುತ್ತಾನೆ ಅಂದರೆ ಇವನು ಅಸಲಿ ಅಧಿಕಾರಿಯೇ ಅಂತ ಮಿಕ ನಂಬಿಬಿಟ್ಟ. ಕೊನೆಗೆ ನಾಚಿಕೆಗೆ ಪೊಲೀಸರ ಹತ್ತಿರ ಹೋಗಲೇ ಇಲ್ಲ. ಒಂದೇ ಮೋಸದಲ್ಲಿ ನಾಲ್ಕೂ ಸಂಗತಿ ಇವೆ. ನಮ್ಮಲ್ಲಿ ತಾಜ್ ಮಹಲ್ ಮಾರಿದ ಅಂತ ಕತೆಯಾಗಿ ಉಳಿದಿರೋ ನಟ್ವರ್‌ಲಾಲ್ ಹೆಸರಲ್ಲಿ ಓಡಾಡೋದೂ ಇದೇ ಜಾಡಿನ ಮೋಸ.

ಮೊದಲ ಚಿತ್ರದ ತಾಜ್ ಮಹಲ್ ಪ್ರಸಂಗವನ್ನು ಈ ಅಳತೆಗೋಲಿನಲ್ಲಿ ನೋಡಿ. ವಿಮ್ಮಿ (ರಾಣಿಯ ಪಾತ್ರ, ಅವಳೇ ಬಬ್ಲಿ) ಮಂತ್ರಿಯ ವೇಷ ಹಾಕುತ್ತಾಳೆ, ಮಿಕ ವಿದೇಶಿ ಸಾಹುಕಾರ. ಇಲ್ಲಿನ ಸರ್ಕಾರಿ ಕಚೇರಿ ಹೇಗಿರುತ್ತೆ ಅಂತ ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ನಗು ಹುಟ್ಟೋದು ಆ ಎರಡರ ನಡುವೆ.

ಈಗ ಎರಡನೆಯದು. ಇಲ್ಲಿ ಬಂಟಿ-ಬಬ್ಲಿಯ ಹೆಸರು ಹಾಕಿಕೊಂಡು ಕುನಾಲ್-ಸೋನಿಯಾ ಅನ್ನೋ ಹೊಸ ಜೋಡಿ ಮೋಸ ಮಾಡುತ್ತೆ. ಆ ಜೋಡಿಯ ಎರಡು ದೊಡ್ಡ ಮೋಸಗಳು ಅಂದರೆ ‘ವರ್ಜಿನ್ ಐಲ್ಯಾಂಡ್’ ಪ್ರವಾಸದ ಆಸೆ ತೋರಿಸಿ ಗಂಡಸರಿಂದ ಹಣ ಕೀಳೋದು, ಮತ್ತು ಗಂಗಾನದಿಯನ್ನೇ ಗುತ್ತಿಗೆಗೆ ಕೊಡೋದು. ಕಲ್ಪನೆಯಾಗಿ ಎರಡೂ ಕೆಟ್ಟದ್ದಲ್ಲ. ಮೊದಲನೆಯದರಲ್ಲಿ ನಾಚಿಕೆಯ ಲೆಕ್ಕ ಸರಿಯಾಗೇ ಇದೆ. ಯಾವ ಆಸೆಗೆ ದುಡ್ಡು ಕೊಟ್ಟೆ ಅಂತ ಠಾಣೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತಲ್ಲ! ಗಂಗೆಯ ಗುತ್ತಿಗೆಯಂತೂ ತಾಜ್ ಮಹಲಿನ ನೇರ ವಾರಸುದಾರ. ಆದರೆ ಮಿಕಗಳು ಮನುಷ್ಯರಾಗಿ ಬರೋದೇ ಇಲ್ಲ. ಅವರ ಆಸೆ ಒಂದು ವಾಕ್ಯದಲ್ಲಿ ಮುಗಿಯುತ್ತೆ. ಅನುಮಾನ ಪಟ್ಟು, ಮತ್ತೆ ನಂಬುವ ಆ ಒಂದು ಕ್ಷಣ ಇಲ್ಲ. ಇಂಥ ದೃಶ್ಯದ ಜೀವ ಇರೋದು ಅಲ್ಲೇ. ಎರಡನೇ ಭಾಗ ಅದನ್ನು ಹಾರಿಸಿ ನೇರ ಹಣದ ಚೀಲಕ್ಕೆ ಹೋಗುತ್ತೆ.

ಇನ್ನೊಂದು ತಾಂತ್ರಿಕ ತಪ್ಪು. ಮೋಸದ ಯೋಜನೆಯನ್ನು ನೋಡುಗರಿಗೆ ಮೊದಲೇ ಹೇಳಿದರೆ, ನಡೆಯುವಾಗ ಏನಾದರೂ ಕೆಡಬೇಕು. ಮುಚ್ಚಿಟ್ಟರೆ ಹೇಳಿದಂತೆಯೇ ನಡೆಯಬಹುದು, ಗುಟ್ಟು ಒಡೆಯುವಾಗಿನ ಖುಷಿಯೇ ಸಾಕು. ಹೇಳಿದ್ದೂ ಆಗಿ, ಹೇಳಿದಂತೆಯೇ ನಡೆದೂ ಹೋದರೆ ನೋಡಲು ಏನು ಉಳಿಯಿತು? ಹಳಬರು ಹೊಸಬರನ್ನು ಹಿಡಿಯಲು ಹೋಗುವ ಅಬುಧಾಬಿ ಭಾಗ ಚಪ್ಪೆಯಾಗಿದ್ದು ಇದಕ್ಕೇ. ಹಳೆಯ ಜೋಡಿ ಬಲೆ ಬೀಸುತ್ತಿದೆ ಅಂತ ನಮಗೆ ಗೊತ್ತು, ಹೊಸಬರು ಚುರುಕು ಅಂತಲೂ ಗೊತ್ತು. ಎರಡೂ ಕಡೆಯ ಎಲೆ ನಮ್ಮ ಕೈಲಿದ್ದ ಮೇಲೆ ಇಸ್ಪೀಟಿನಲ್ಲಿ ಸ್ವಾರಸ್ಯ ಎಲ್ಲಿಂದ ಬರಬೇಕು.

ಗಾಂಧಿಕ್ಲಾಸ್:

ಮೇಲಿನದಕ್ಕೆ ಅರ್ಧ ಒಪ್ಪಿಗೆ. ನನ್ನ ಪ್ರಕಾರ ಮೋಸದ ತಂತ್ರ ಆಮೇಲಿನ ಮಾತು. ‘ಯಾಕೆ ಮೋಸ ಮಾಡುತ್ತಾರೆ’ ಅನ್ನೋದೇ ಎರಡನೇ ಭಾಗದಲ್ಲಿ ಸಡಿಲ.

ಮೊದಲ ಚಿತ್ರದಲ್ಲಿ ರಾಕೇಶನ (ಇವನೇ ಬಂಟಿ) ಅಪ್ಪ ರೈಲ್ವೆ ಟಿಸಿ, ಅಂದರೆ ಟಿಕೆಟ್ ಕಲೆಕ್ಟರ್. ಮಗನೂ ಅದೇ ನೌಕರಿಗೆ ಸೇರಲಿ ಅನ್ನೋದು ಅವರ ಆಸೆ, ಇವನಿಗೆ ಅದು ಉಸಿರು ಕಟ್ಟಿಸುತ್ತೆ. ವಿಮ್ಮಿಗೆ ಮಿಸ್ ಇಂಡಿಯಾ ಕನಸು, ಮನೆಯಲ್ಲಿ ಮದುವೆ ಮಾತು. ಇಬ್ಬರೂ ಮನೆ ಬಿಟ್ಟು ಬಂದು ರೈಲ್ವೆ ನಿಲ್ದಾಣದಲ್ಲಿ ಸಿಗುತ್ತಾರೆ. ಇವನ ವ್ಯಾಪಾರದ ಯೋಜನೆಯನ್ನು ಬೇರೆಯವನು ಕದ್ದಾಗ ಆ ನಷ್ಟ ವಸೂಲಿಗೆ ಹೋಗಿ ಮೊದಲ ಮೋಸ ನಡೆಯುತ್ತೆ. ಅಂದರೆ ಮೊದಲು ಇವರಿಗೇ ಅನ್ಯಾಯವಾಗಿತ್ತು. ನಾವು ಅವರ ಪಕ್ಷ ಸೇರಿದ್ದು ಆವಾಗಲೇ.

ಕುನಾಲ್-ಸೋನಿಯಾ ಇಂಜಿನಿಯರಿಂಗ್ ಓದಿದವರು, ಓದಿಗೆ ತಕ್ಕ ಬದುಕು ಸಿಗದವರು. ಇದಕ್ಕಿಂತ ಬಿಸಿ ವಿಷಯ ಬೇಕಾ? ಪದವಿ ಇಟ್ಟುಕೊಂಡು ಅಲೆಯೋ ಹುಡುಗರ ಸಂಕಟ ಗೊತ್ತಿಲ್ಲದ ಮನೆಯೇ ಇಲ್ಲ. ಆ ಸಂಕಟವನ್ನು ಮಾತಿನಲ್ಲಿ ಹೇಳಿಸಿ ಮುಂದೆ ಓಡಿದ್ದಾರೆ. ಒಂದು ಸಂದರ್ಶನದ ದೃಶ್ಯ, ಮನೆಯಲ್ಲಿ ಒಂದು ಊಟದ ಹೊತ್ತು, ಅಷ್ಟು ತೋರಿಸಿದ್ದರೆ ಸಾಕಿತ್ತು.

ಇನ್ನೂ ಹೆಚ್ಚು ಹೊಟ್ಟೆ ಉರಿಸೋದು ರಾಕೇಶನ ಪಾತ್ರ. ಎರಡನೇ ಭಾಗದಲ್ಲಿ ಅವನು ಫುರ್ಸತ್‌ಗಂಜ್‌ನಲ್ಲಿ ಟಿಸಿ ಆಗಿದ್ದಾನೆ! ಯಾವ ನೌಕರಿಯಿಂದ ಓಡಿಹೋಗಿದ್ದನೋ ಅದೇ ಕೋಟು ಹಾಕಿಕೊಂಡಿದ್ದಾನೆ. ಅಪ್ಪನ ನೆನಪು, ಸೋಲು, ನೆಮ್ಮದಿ ಎಲ್ಲ ಅಲ್ಲೇ ಇದೆ. ಚಿನ್ನದಂಥ ಎಳೆ. ಚಿತ್ರ ಅದನ್ನು ಹೊಟ್ಟೆ ಬಂದ ಗಂಡಸಿನ ನಗೆಗೆ ಖರ್ಚು ಮಾಡಿಬಿಟ್ಟಿದೆ.

ಸೈಫ್ ಮೇಲೆ ಸಿಟ್ಟಾಗೋದು ನ್ಯಾಯ ಅಲ್ಲ. ಹಾಸ್ಯದ ಟೈಮಿಂಗ್ ಅವರಿಗೆ ಚೆನ್ನಾಗೇ ಇದೆ. ರಾಣಿ ಜೊತೆ 2004ರ ‘ಹಮ್ ತುಮ್’, 2007ರ ‘ತಾ ರಾ ರಮ್ ಪಮ್’, 2008ರ ‘ಥೋಡಾ ಪ್ಯಾರ್ ಥೋಡಾ ಮ್ಯಾಜಿಕ್’ ಮಾಡಿದವರು, ಹೊಂದಾಣಿಕೆ ಕಾಣುತ್ತೆ. ತೊಂದರೆ ಬೇರೆ ಕಡೆ ಇದೆ: ಹದಿನಾರು ವರ್ಷದ ಹಳೆಯ ನೆನಪಿನ ಮೇಲೆ ನಿಂತ ಚಿತ್ರದಲ್ಲಿ ನೆನಪಿನ ಅರ್ಧ ಮುಖವೇ ಬದಲಾಗಿದೆ. ಹಾಗಾದಾಗ ಹಳೆಯದನ್ನು ಕೆಣಕೋ ಮಾತು ಕಡಿಮೆ ಮಾಡಿ ಹೊಸ ದಾರಿ ಹಿಡಿಯಬೇಕು. ಇವರು ಸಿಕ್ಕಲ್ಲೆಲ್ಲ ಹಳೆಯದನ್ನು ನೆನಪಿಸಿದರು, ನಮಗೂ ಪ್ರತಿ ಸಲ ಅಭಿಷೇಕ್ ನೆನಪಾದರು.

ಮೆಚ್ಚಬೇಕಾದದ್ದು: ಸೋನಿಯಾ ಪಾತ್ರದ ಶರ್ವರಿ. ಮೊದಲ ಸಿನಿಮಾ ಅನ್ನೋ ಅಳುಕೇ ಇಲ್ಲ. ರಾಣಿ ಸ್ವಲ್ಪ ಜೋರು ಅನ್ನಿಸಿದರೂ ವಿಮ್ಮಿ ಅಂದರೇ ಹಾಗೆ. ಆ ಬಟ್ಟೆ, ಆ ಅಬ್ಬರ ಅವಳಿಗೆ ಒಪ್ಪುತ್ತೆ.

ರೀಲು_ಪೆಟ್ಟಿಗೆ:

ಚೆನ್ನಾಗಿ ಮಾಡಿದ ಸೀಕ್ವೆಲ್ ಕೇಳಿದ್ದೀರಿ. ‘ಡೇಢ್ ಇಶ್ಕಿಯಾ’, 2014ರ ಜನವರಿ. 2010ರ ‘ಇಶ್ಕಿಯಾ’ದ ಮುಂದುವರಿಕೆ, ಎರಡೂ ಅಭಿಷೇಕ್ ಚೌಬೆ ನಿರ್ದೇಶನ.

ಹೋಲಿಕೆಗೆ ಇದು ಸರಿಯಾಗಿ ಕೂರುತ್ತೆ, ಯಾಕೆಂದರೆ ಇಲ್ಲೂ ಎರಡು ಜೋಡಿ: ನಸೀರುದ್ದೀನ್ ಶಾ-ಮಾಧುರಿ, ಅರ್ಷದ್ ವಾರ್ಸಿ-ಹುಮಾ ಖುರೇಷಿ. ಮೊದಲ ಚಿತ್ರದಿಂದ ತಂದ ಪಾತ್ರಗಳು ಎರಡೇ, ಖಾಲೂಜಾನ್ (ನಸೀರುದ್ದೀನ್) ಮತ್ತು ಬಬ್ಬನ್ (ಅರ್ಷದ್). ವಿದ್ಯಾ ಬಾಲನ್ ಪಾತ್ರ ಇಲ್ಲ, ಹಳೆಯ ಊರಿಲ್ಲ, ಹಳೆಯ ಹಗೆ ಇಲ್ಲ. ಇಬ್ಬರು ಪುಂಡರ ನಡುವಿನ ಜಗಳ ಮತ್ತು ಅಕ್ಕರೆ ಇಷ್ಟನ್ನೇ ಗಂಟು ಕಟ್ಟಿಕೊಂಡು ಹೊಸ ಲೋಕಕ್ಕೆ ಹೋಗುತ್ತಾರೆ. ಮೊದಲನೆಯದನ್ನು ನೋಡದವರಿಗೂ ಎಲ್ಲೂ ಎಡವೋದಿಲ್ಲ.

ಖಾಲೂಜಾನ್ ನವಾಬನ ವೇಷ ಹಾಕಿಕೊಂಡು ಬೇಗಂ ಪಾರಾಳ (ಮಾಧುರಿ) ಮುಷಾಯರಾಕ್ಕೆ, ಅಂದರೆ ಉರ್ದು ಕವಿಗೋಷ್ಠಿಗೆ ಬರುತ್ತಾನೆ. ಗೆದ್ದ ಕವಿಯನ್ನು ಬೇಗಂ ಮದುವೆಯಾಗುತ್ತಾಳೆ ಅನ್ನೋದು ಪಣ. ಎದುರಾಳಿ ಜಾನ್ ಮೊಹಮ್ಮದ್ (ವಿಜಯ್ ರಾಜ್, ಅದ್ಭುತ) ನಿಜವಾದ ಕವಿಯೊಬ್ಬನನ್ನು ಎತ್ತಿಹಾಕಿಕೊಂಡು ಅವನಿಂದ ಪದ್ಯ ಬರೆಸಿಕೊಳ್ಳುತ್ತಾನೆ. ಇಷ್ಟು ಜನ ಸೇರಿ ಬೇಗಂಗೆ ಮಂಕುಬೂದಿ ಎರಚುತ್ತಿದ್ದಾರೆ ಅಂತ ನಾವು ನಂಬಿದ್ದಾಗ, ಬರಿದಾದ ಖಜಾನೆಯ ಹವೇಲಿಯಲ್ಲಿ ಬೇಗಂ ಮತ್ತು ಮುನಿರಾ (ಹುಮಾ) ಸೇರಿ ಹೂಡಿದ ಅಪಹರಣದ ಆಟ ಬಯಲಾಗುತ್ತೆ. ಇಲ್ಲಿ ಪ್ರೀತಿ ಬೇರೆ, ಮೋಸ ಬೇರೆ ಅಂತ ಎರಡು ಹಳಿ ಇಲ್ಲ. ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನೋದೇ ಯಾರು ಯಾರಿಗೆ ಟೋಪಿ ಹಾಕುತ್ತಿದ್ದಾರೆ ಅನ್ನೋದು. ಹಾಗಾಗಿ ಪ್ರೇಮದ ದೃಶ್ಯ ಬಂದಾಗ ಕತೆ ನಿಲ್ಲಲ್ಲ.

‘ಬಂಟಿ ಔರ್ ಬಬ್ಲಿ 2’ರಲ್ಲಿ ಹಳೆಯ ಜೋಡಿಯ ದಾಂಪತ್ಯಕ್ಕೆ ಮೋಸದಿಂದ ಏನೂ ಆಗಲ್ಲ. ಹೊಸ ಜೋಡಿಯ ಪ್ರೀತಿಯೂ ಮೊದಲೇ ಗಟ್ಟಿ, ಕೊನೆಗೂ ಗಟ್ಟಿ. ಹಾಗಿದ್ದ ಮೇಲೆ ಪ್ರಣಯದ ಭಾಗ ಹಾಡಿಗಷ್ಟೇ ಉಳಿಯಿತು. ಮೊದಲನೆಯದರಲ್ಲಿ ಇಬ್ಬರು ಅಪರಿಚಿತರು ಮೋಸ ಮಾಡುತ್ತಾ ಮಾಡುತ್ತಾ ಪ್ರೀತಿಗೆ ಬಿದ್ದರು. ಒಂದೊಂದು ಮೋಸವೂ ಅವರನ್ನು ಒಂದು ಹೆಜ್ಜೆ ಹತ್ತಿರ ತಂದಿತ್ತು.

‘ಡೇಢ್ ಇಶ್ಕಿಯಾ’ದ ಕೊನೆಯ ಭಾಗದಲ್ಲಿ ಎರಡು ಗುಂಪು ಬಂದೂಕು ಹಿಡಿದು ಎದುರುಬದುರು ನಿಂತು, ಲಖನೌ ಮರ್ಯಾದೆಯ ‘ಪೆಹಲೇ ಆಪ್’ (ಮೊದಲು ನೀವು) ಹಾಗೆ ಯಾರೂ ಮೊದಲು ಕೆಳಗಿಳಿಸದೆ ನಿಂತೇ ಇರೋ ದೃಶ್ಯ ಇದೆ. ಹಾಸ್ಯವೂ ಅದೇ, ಅಪಾಯವೂ ಅದೇ, ಆ ಪ್ರದೇಶದ ಗುಣವೂ ಅದೇ. ದಯವಿಟ್ಟು ನೋಡಿ. ಗಲ್ಲಾಪೆಟ್ಟಿಗೆಯಲ್ಲಿ ಇದೂ ದೊಡ್ಡ ಗಳಿಕೆ ಮಾಡಲಿಲ್ಲ, ಅದಕ್ಕೆ ದುಡ್ಡಿನ ಲೆಕ್ಕದಲ್ಲಿ ಸೀಕ್ವೆಲ್‌ನ ಗುಣ ಅಳೆಯಬಾರದು.

ಇಂಟರ್ವಲ್_ಚಹಾ:

ಟಿಸಿ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಎರಡು ಉಪಪ್ರಶ್ನೆ. ಕೋವಿಡ್ ಕಾರಣಕ್ಕೆ ಬಿಡುಗಡೆ ಮುಂದೆ ಹೋಗಿ ಹೋಗಿ ಚಿತ್ರ ಸೊರಗಿತು ಅನ್ನೋ ವಾದ ಎಷ್ಟು ಸರಿ? ಸಂಗೀತ ಅದೇ ಮೂವರದ್ದಾದರೂ ಹಾಡು ಯಾಕೆ ಹತ್ತಲಿಲ್ಲ?

ಗಾಂಧಿಕ್ಲಾಸ್:

ಕೋವಿಡ್ ವಾದ ಪೂರ್ತಿ ನಿಲ್ಲಲ್ಲ. ಎರಡು ವಾರ ಮುಂಚೆ, ನವೆಂಬರ್ 5ಕ್ಕೆ ಬಂದ ‘ಸೂರ್ಯವಂಶಿ’ಗೆ ಜನ ಬಂದಿದ್ದರು. ಚಿತ್ರಮಂದಿರಕ್ಕೆ ಹೋಗೋ ಮನಸ್ಸು ಇತ್ತು, ಇದಕ್ಕೆ ಹೋಗೋ ಕಾರಣ ಕಾಣಲಿಲ್ಲ.

ಕತ್ತರಿ_ಟೇಬಲ್:

ಹಾಡಿನ ಮಾತು. ಸಂಗೀತಗಾರರು ಅವರೇ, ಸಾಹಿತ್ಯ ಮಾತ್ರ ಗುಲ್ಜಾರ್‌ರಿಂದ ಅಮಿತಾಭ್ ಭಟ್ಟಾಚಾರ್ಯ ಅವರಿಗೆ ಹೋಯಿತು. ಭಟ್ಟಾಚಾರ್ಯ ಸಣ್ಣ ಕವಿಯಲ್ಲ, ಹಾಗಾಗಿ ತಪ್ಪನ್ನು ಅವರ ತಲೆಗೆ ಕಟ್ಟಲಾರೆ. ಹಾಡು ಕೂತಿರೋ ಜಾಗ ನೋಡಿ. ಮೊದಲ ಚಿತ್ರದ ‘ಕಜರಾ ರೇ’ಯಲ್ಲಿ ಬೆನ್ನಟ್ಟೋ ಪೊಲೀಸ್ ದಶರಥ್ ಸಿಂಗ್ ಮತ್ತು ಅವರಿಗೆ ಬೇಕಾದ ಕಳ್ಳ ಒಂದೇ ಕಡೆ ಕುಣಿಯುತ್ತಾರೆ. ಐಶ್ವರ್ಯಾ ಬರೋದು ಆ ಒಂದು ಹಾಡಿಗೆ, ಆದರೂ ಕತೆ ಅಲ್ಲಿ ಬಿಗಿಯಾಗುತ್ತೆ, ಇವನು ಸಿಕ್ಕಿಬೀಳುತ್ತಾನಾ ಅಂತ ಕುಣಿತದ ನಡುವೆಯೂ ಎದೆ ಹೊಡೆದುಕೊಳ್ಳುತ್ತೆ. ಎರಡನೆಯದರ ‘ಟ್ಯಾಟೂ ವಾಲಿಯೇ’ ಕೇಳಲು ಚೆನ್ನಾಗಿದೆ. ಅದನ್ನು ಕತ್ತರಿಸಿ ತೆಗೆದು ಮುಂದಿನ ದೃಶ್ಯ ಜೋಡಿಸಿದರೆ ಕತೆಯಲ್ಲಿ ಹೊಲಿಗೆ ಕಾಣಲ್ಲ. ಯಾವ ಹಾಡಿಗಾದರೂ ಈ ಪರೀಕ್ಷೆ ಮಾಡಿ ನೋಡಬಹುದು.

ಪೊಲೀಸ್ ಪಾತ್ರದ ಬಗ್ಗೆ ಯಾರೂ ಬರೆದಿಲ್ಲ. ಪಂಕಜ್ ತ್ರಿಪಾಠಿ ಪಾತ್ರಕ್ಕೆ ಜಟಾಯು ಸಿಂಗ್ ಅಂತ ಹೆಸರು. ರಾಮಾಯಣದಲ್ಲಿ ಜಟಾಯು ದಶರಥನ ಗೆಳೆಯ. ದಶರಥ್ ಸಿಂಗ್ ಆದ ಮೇಲೆ ಜಟಾಯು ಸಿಂಗ್, ಹೆಸರಿಟ್ಟವರು ಯೋಚಿಸಿಯೇ ಇಟ್ಟಂತಿದೆ. ಆದರೆ ಮೊದಲನೆಯದರಲ್ಲಿ ಪೊಲೀಸ್ ತಡವಾಗಿ ಬರುತ್ತಾರೆ, ಅಷ್ಟು ಹೊತ್ತಿಗೆ ಜೋಡಿಯನ್ನು ಕಳೆದುಕೊಳ್ಳೋ ಭಯ ನಮಗೆ ಹುಟ್ಟಿರುತ್ತೆ. ಇಲ್ಲಿ ಬೇಗ ಬಂದು ಹಳೆಯ ಜೋಡಿಯನ್ನು ಸಂಶಯದ ಮೇಲೆ ಹಿಡಿದುಕೊಳ್ಳುತ್ತಾನೆ. ತ್ರಿಪಾಠಿಯವರ ತಣ್ಣನೆಯ ಮಾತಿಗೆ ನಗು ಬರುತ್ತೆ, ಭಯ ಬರಲ್ಲ.

ಮೊದಲ ಚಿತ್ರ ಮುಗಿಯೋದು ಹೇಗೆ ನೆನಪಿದೆಯಾ? ಕೆಲವು ವರ್ಷ ಕಳೆದ ಮೇಲೆ ದಶರಥ್ ಸಿಂಗ್ ತಾವೇ ಬಂದು, ಮೋಸಗಾರರನ್ನು ಹಿಡಿಯೋಕೆ ಸರ್ಕಾರದ ಪರವಾಗಿ ಕೆಲಸ ಮಾಡಿ ಅಂತ ಇಬ್ಬರನ್ನೂ ಕರೆಯುತ್ತಾರೆ. ಬಾಗಿಲು ತೆರೆದೇ ಇತ್ತು. ಅಲ್ಲಿಂದ ಶುರು ಮಾಡಿದ್ದರೆ ಹಳೆಯ ಕಳ್ಳರು ಪೊಲೀಸ್ ಕಡೆ, ಅವರದೇ ಹೆಸರು ಹಾಕಿಕೊಂಡ ಹೊಸಬರು ಆ ಕಡೆ. ಹಿಡಿಯಬೇಕಾದವರಲ್ಲಿ ತಮ್ಮನ್ನೇ ಕಂಡು ರಾಕೇಶ್-ವಿಮ್ಮಿ ನಡುವೆ ಬಿರುಕು ಬರಬಹುದಿತ್ತು. ಒಬ್ಬರಿಗೆ ಹಿಡಿಯೋ ಹಟ, ಇನ್ನೊಬ್ಬರಿಗೆ ಬಿಟ್ಟುಬಿಡೋ ಮನಸ್ಸು. ರೀಲು_ಪೆಟ್ಟಿಗೆ ಅವರು ಹೇಳಿದ ಪ್ರೀತಿ-ಮೋಸದ ಗಂಟು ಅಲ್ಲೇ ಬೀಳುತ್ತಿತ್ತು.

ರೀಲು_ಪೆಟ್ಟಿಗೆ:

ಹೌದು, ವಿಮ್ಮಿ ಬಿಟ್ಟುಬಿಡೋಣ ಅನ್ನೋಳು, ಟಿಸಿ ಕೋಟು ಹಾಕಿದ ರಾಕೇಶ್ ಹಿಡಿಯಲೇಬೇಕು ಅನ್ನೋನು. ಆ ಸಿನಿಮಾ ನೋಡಲು ಮನಸ್ಸಿದೆ.