ಆಫೀಸ್ ತೋಟದ ಬೆಂಡಿಕಾಯಿ ನಾರಾಗ್ತಾವ, ಪಲ್ಲೆ ಮನಿ ಮುಟ್ಟೂದ್ರಾಗ ಬಾಡ್ತೈತಿ. ಬೀಜ ಕೆಟ್ಟದ್ದ?

ಎರಿಮಣ್ಣು_ಹುಬ್ಬಳ್ಳಿ: ಬೆಂಡಿ 60 ಗಿಡ, ಮೆಂತೆ ಎರಡು ಮಡಿ, ರಾಜಗಿರಿ ಒಂದು ಮಡಿ. ಆಫೀಸ್‌ನಾಗ 28 ಮಂದಿ. ಬೀಜ ಬದಲಿಸಿದ್ದಾತು, ಗೊಬ್ಬರ ಹಾಕಿದ್ದಾತು. ಆದ್ರೂ ಅರ್ಧ ಬೆಂಡಿಕಾಯಿಗೆ ಚಾಕು ಹಾಯಂಗಿಲ್ಲ, ಮೆಂತೆ ಸಂಜಿಗೆ ಜೋತು ಬೀಳ್ತೈತಿ. ಪರಿಹಾರ ಹೇಳ್ರಿ.

ಸಪ್ತಾಪುರ_ಹಿತ್ತಲ: ತಳಿ ಯಾವ್ದು? ಎಷ್ಟ್ ದಿನಕ್ಕೊಮ್ಮೆ ಹರೀತೀರಿ, ಎಷ್ಟೊತ್ತಿಗೆ? ಹರದ ಮ್ಯಾಲೆ ಎಲ್ಲಿಡ್ತೀರಿ? ಇವು ಬರೀಲಾರದ ಏನು ಹೇಳೂದ್ರೀ?

ಗದಗ_ಡ್ರಿಪ್: ನೀರಿನ ಕೊರತಿ, ಬ್ಯಾರೆ ಏನೂ ಅಲ್ಲ. ಎರಿ ಮಣ್ಣು ಮ್ಯಾಲೆ ಹಸಿ ಕಂಡ್ರೂ ಬುಡದಾಗ ಬಿರುಕು ಬಿಟ್ಟಿರ್ತೈತಿ. ನಾಲ್ಕು ಬೆರಳು ಕೆಳಗಿನ ಮಣ್ಣು ತಗದು ಉಂಡಿ ಕಟ್ರಿ, ಉಂಡಿ ಒಡದ್ರ ನೀರು ಸಾಲ್ದು. 16 ಮಿ.ಮೀ. ಪೈಪು, 40 ಸೆಂ.ಮೀ.ಗೊಂದು ಡ್ರಿಪ್ಪರ್, ತಾಸಿಗೆ 2 ಲೀಟರಿಂದು. ದಿನಾ ಅರ್ಧ ತಾಸು ಬಿಡ್ರಿ.

ಬ್ಯಾಡಗಿ_ಖಾರ: ಹೈಬ್ರಿಡ್ ಕಿತ್ತ ಒಗದು ಜವಾರಿ ಬೆಂಡಿ ಹಾಕ್ರಿ ಮೊದಲ.

ಎರಿಮಣ್ಣು_ಹುಬ್ಬಳ್ಳಿ: ಅರ್ಕಾ ಅನಾಮಿಕಾ. ನೀರು ಬರೋಬ್ಬರಿ ಐತಿ, ಉಂಡಿ ಒಡಿಯಂಗಿಲ್ಲ. ಬುಧವಾರ, ಶುಕ್ರವಾರ ಹರದ ಕಾಯಿ ಚಲೋ ಇರ್ತಾವ. ಸೋಮವಾರದ್ದ ತ್ರಾಸು, ಅದೇನ್ ಹೇಳೂದು.

ಸಪ್ತಾಪುರ_ಹಿತ್ತಲ: ಅದನ್ನ ಮೊದಲ ಹೇಳಬೇಕಿತ್ತು! ಹೂವು ಅರಳಿ 4ರಿಂದ 6 ದಿನಕ್ಕ ಬೆಂಡಿ ಹರಿಯೂ ಹದಕ್ಕ ಬರ್ತೈತಿ. ಶುಕ್ರವಾರ "ಇನ್ನೂ ಸಣ್ಣದೈತಿ" ಅಂತ ಬಿಟ್ಟ ನಾಲ್ಕು ದಿನದ ಕಾಯಿಗೆ ಸೋಮವಾರ ಏಳು ದಿನ. ಶುಕ್ರವಾರ ಕಿರುಬೆರಳಿನಷ್ಟು ಉದ್ದ ಆದದ್ದನ್ನೂ ಬಿಡಬ್ಯಾಡ್ರಿ, ಎರಡು ಇಂಚಿನ ಎಳಿ ಕಾಯಿ ಹುರಿಯಾಕ ಚಲೋನ. ಇಲ್ಲಾ ರವಿವಾರ ಮುಂಜಾನೆ ವಾಚ್‌ಮನ್‌ಗೆ ಹರಿಯಾಕ ಹೇಳಿ ಆ ಪಾಲು ಅವರಿಗ ಬಿಡ್ರಿ. ತುದಿ ಬೆರಳಿಂದ ಬಗ್ಗಿಸಿದ್ರ ಪಟ್ಟಂತ ಮುರೀಬೇಕು, ಬಗ್ಗಿ ಜೋತಾಡಿದ್ರ ಬಲಿತೈತಿ. ಬಲಿತದ್ದನ್ನೂ ಗಿಡದಾಗ ಬಿಡೂದಲ್ಲ, ಬೀಜಕ್ಕ ತಿರುಗಿದ ಗಿಡ ಹೊಸ ಹೂವು ಕಡಿಮಿ ಮಾಡ್ತೈತಿ. ತೊಟ್ಟು ಸೇರಿಸಿ ಕತ್ತರಿಲೆ ಕತ್ತರಿಸ್ರಿ, ಜಗ್ಗಿದ್ರ ಟೊಂಗಿ ಸೀಳ್ತೈತಿ. ಕೈಗೆ ಗ್ಲೌಸ್ ಇರಲಿ, ಕಾಯಿ ಮ್ಯಾಲಿನ ಸಣ್ಣ ಸುಂಕಕ್ಕ ತುರಿಸ್ತೈತಿ.

ಗದಗ_ಡ್ರಿಪ್: ನೀರು ಕಡಿಮಿ ಆದ್ರೂ ನಾರು ಲಗೂನ ಬರ್ತೈತಿ. ನನ್ನ ಮಾತು ತಪ್ಪಲ್ಲ.

ಸಪ್ತಾಪುರ_ಹಿತ್ತಲ: ತಪ್ಪಲ್ರೀ. ಆದ್ರ ನೀರಿಂದ ಆಗಿದ್ರ ಬುಧವಾರದ ಕಾಯೀನೂ ನಾರಾಗಬೇಕಿತ್ತಲ್ಲ?

ಗದಗ_ಡ್ರಿಪ್: ಶನಿವಾರ, ರವಿವಾರ ನೀರು ಯಾರು ಬಿಡ್ತಾರ? ಟೈಮರ್ ಹಚ್ಚಿದ್ರ ಈ ಮಾತು ಬರ್ತಿದ್ದಿಲ್ಲ.

ಪುಂಡಿಪಲ್ಲೆ: ಬ್ಯಾಡಗಿಯವರ, ಅರ್ಕಾ ಅನಾಮಿಕಾ ಅಂಗಡಿ ಹೈಬ್ರಿಡ್ ಅಲ್ಲ. ಬೆಂಗಳೂರಿನ ತೋಟಗಾರಿಕಿ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಮಾಡಿದ ತಳಿ, ಹಳದಿ ನರ ರೋಗ ತಡಕೊಳ್ಳಲಿ ಅಂತ ಮಾಡಿದ್ದು. ಬೀಜ ಹಿಡಿದು ಮತ್ತ ಬಿತ್ತಬಹುದು. ಆ ರೋಗ ಹರಡೂದು ಬಿಳಿ ನೊಣದಿಂದ.

ಬ್ಯಾಡಗಿ_ಖಾರ: ರುಚಿ ಮಾತಾಡ್ರಿ, ರುಚಿ. ರೋಗ ಆಮ್ಯಾಲೆ.

ಪುಂಡಿಪಲ್ಲೆ: ಇರಲಿ ಬಿಡ್ರಿ. ಪಲ್ಲೆ ಬಗ್ಗೆ ಯಾರೂ ಹೇಳಲಿಲ್ಲ. ಮೆಂತೆ ಎಷ್ಟೊತ್ತಿಗೆ ಕೀಳ್ತೀರಿ?

ಎರಿಮಣ್ಣು_ಹುಬ್ಬಳ್ಳಿ: ಚಹಾ ಹೊತ್ತಿಗೆ, 11ಕ್ಕ. ಸಿವುಡು ಕಟ್ಟಿ ಪ್ಲಾಸ್ಟಿಕ್ ಚೀಲದಾಗ ಹಾಕಿ, ಮನಿಗೆ ಹೋಗೂವಾಗ ಹಂಚೂದು. ಉಳದದ್ದು ಬೆಂಡಿಕಾಯಿ ಜೊತಿಗೆ ಫ್ರಿಜ್‌ನಾಗ.

ಪುಂಡಿಪಲ್ಲೆ: 11ಕ್ಕ ಬಿಸಲಿಗೆ ಎಲಿ ಆಗಲೇ ಸೊರಗಿರ್ತಾವ. ಕೆಲಸ ಶುರು ಆಗೂ ಮೊದಲು, ಎಂಟರೊಳಗ ಬೇರು ಸಮೇತ ಕೀಳ್ರಿ. ಬೇರಿನ ಮಣ್ಣು ಅಷ್ಟ ತೊಳೀರಿ, ಎಲಿ ನೆನಸಬ್ಯಾಡ್ರಿ. ಬಕೆಟ್‌ನಾಗ ಎರಡು ಬೆರಳು ನೀರು ಹಾಕಿ ಸಿವುಡು ನಿಲ್ಲಿಸಿ, ನೆರಳಿನ್ಯಾಗಿಟ್ಟು, ಮ್ಯಾಲೆ ಹಸಿ ಅರಬಿ ಹೊಚ್ರಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಾಗ ಬೆವರಿ ಲೋಳಿ ಆಗ್ತೈತಿ. ಮಗ್ಗಲ ಬಾಳೆಹಣ್ಣು, ಹಣ್ಣಾದ ಟೊಮ್ಯಾಟೊ ಬ್ಯಾಡ, ಅವುಗಳಿಂದ ಬರೂ, ಕಾಯಿ ಹಣ್ಣು ಮಾಡೂ ಅನಿಲ ಎಥಿಲೀನ್‌ಗೆ ಎಲಿ ಹಳದಿ ಆಗ್ತಾವ. ಬೆಂಡಿಕಾಯಿ ಫ್ರಿಜ್‌ನಾಗ ಬ್ಯಾಡ. 7 ಡಿಗ್ರಿ ಕೆಳಗ ಕುಳಿ ಬಿದ್ದು ಕರ್ರಗಾಗ್ತಾವ. ಒಣ ಕಾಗದದಾಗ ಸುತ್ತಿ ಹೊರಗ ಇಡ್ರಿ, ಮರದಿನಕ್ಕ ಖರ್ಚಾಗಲಿ.

ಸಪ್ತಾಪುರ_ಹಿತ್ತಲ: ಹಂಚೂದು ಹ್ಯಾಂಗ? 28 ಮಂದಿಗೆ ಒಮ್ಮಿಗೇ ಹಂಚಿದ್ರ ಒಂದ್ ಮುಷ್ಟಿ ಬಂದೀತು, ಪಲ್ಯಾನೂ ಆಗಂಗಿಲ್ಲ. 3 ಕಿಲೋ ಬಂದ್ರ ಅರ್ಧರ್ಧ ಕಿಲೋದ ಆರು ಪಾಲು ಮಾಡಿ ಪಾಳಿ ಹಚ್ರಿ. ಮನ್ಯಾಗ ಐದ್ ಮಂದಿ ಇದ್ದವರಿಗೂ ಒಬ್ಬರ ಇದ್ದವರಿಗೂ ಅಷ್ಟ. ತಕ್ಕಡಿ ಇಲ್ಲಂದ್ರ ಜಗಳ ಗ್ಯಾರಂಟಿ.

ಬ್ಯಾಡಗಿ_ಖಾರ: ಪಲ್ಲೆಗೆ ಯಾವ ಊರಾಗ ತಕ್ಕಡಿ? ಸಿವುಡು ಎಣಿಸೂದು.

ಸಪ್ತಾಪುರ_ಹಿತ್ತಲ: ನಿಮ್ಮ ಮುಷ್ಟಿ, ನಮ್ಮ ಮುಷ್ಟಿ ಒಂದ ಅಲ್ಲಲ್ರೀ.

ಎರಿಮಣ್ಣು_ಹುಬ್ಬಳ್ಳಿ: ಶುಕ್ರವಾರ ಸಂಜಿ ಎಳಿ ಕಾಯಿ ಹರಿಯಾಕ ಹೇಳ್ತೀನಿ. ಆದ್ರ ಆವತ್ತ ಸಂಜಿಗೆ ಔಷಧ ಹೊಡೀತಾರ, ಎರಡು ದಿನ ಯಾರೂ ಇರಂಗಿಲ್ಲಂತ. ಹೊಡದ ಮ್ಯಾಲೆ ಹರದ್ರ ನಡೀತೈತೇನು?

ಪುಂಡಿಪಲ್ಲೆ: ನಿಲ್ಲಿಸ್ರಿ! ಯಾವ ಔಷಧ? ಡಬ್ಬಿ ಮ್ಯಾಲೆ ಬೆಂಡಿ ಹೆಸರು ಐತೇನು, ಹೊಡದ ಎಷ್ಟ್ ದಿನ ಕಾಯಬೇಕಂತ ಬರದಾರ, ಓದಿ ಹೇಳ್ರಿ. ಆ ದಿನ ಮುಗಿಯೂತನ ಸೋಮವಾರದ ಕಾಯಿ ಯಾರಿಗೂ ಕೊಡಬ್ಯಾಡ್ರಿ, ಹರದು ಚೆಲ್ರಿ. ತೊಳದ್ರ ಎಲ್ಲಾ ಹೋಗೂದಿಲ್ಲ. ಬೇವಿನೆಣ್ಣಿ ಆದ್ರ, ಲೀಟರಿಗೆ 5 ಮಿ.ಲೀ., ಜೊತಿಗೆ 1 ಮಿ.ಲೀ. ಸೋಪಿನ ದ್ರಾವಣ, ಅದೂ ಹರದು ಮುಗಿಸಿದ ಮ್ಯಾಲೆ ಹೊಡೀಬೇಕು.

ಗದಗ_ಡ್ರಿಪ್: 1000 ಲೀಟರ್ ಟಾಕಿ, ಡಿಸ್ಕ್ ಫಿಲ್ಟರ್, ಎರಡು ವಾಲ್ವಿನ ಟೈಮರ್. ಫೋಟೋ ಹಾಕ್ತೀನಿ, ನೋಡ್ರಿ.

ಪುಂಡಿಪಲ್ಲೆ: ಎರಿಮಣ್ಣು ಅವರ, ಡಬ್ಬಿ ಮ್ಯಾಲೆ ಏನ್ ಬರದಾರ?

ಬ್ಯಾಡಗಿ_ಖಾರ: ಆ ಫಿಲ್ಟರ್ ಎಷ್ಟಕ್ಕ ಬಂತ್ರೀ ಗದಗ?