ಮಂಡಿ ಹಿಂದಿನ ವೇನ್ ಹರಿದರೆ ಹೊಲಿಯುವುದಾ, ಕಟ್ಟಿಬಿಡುವುದಾ?

ಸರ್ಜರಿ_ಪಿಜಿ:
ಮಂಡಿ ಹಿಂದಿನ (ಪಾಪ್ಲಿಟಿಯಲ್) ಆರ್ಟರಿ (ಅಪಧಮನಿ), ವೇನ್ (ಅಭಿಧಮನಿ) ಎರಡೂ ಹರಿದಿದ್ದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ವೇನ್ ಕಟ್ಟಿದರೂ (ದಾರ ಬಿಗಿದು ಪೂರ್ತಿ ಮುಚ್ಚಿದರೂ) ನಡೆಯುತ್ತೆ ಅಂತಾರೆ, ಎಷ್ಟು ನಿಜ? ಹೊಲಿದ ಜಾಗ ಕಿರಿದಾಗದಂತೆ ಏನು ಮಾಡಬೇಕು?

ನಾಳತಜ್ಞ:
ಮೊದಲು ರೋಗಿಯನ್ನು ನೋಡಿ, ಆಮೇಲೆ ನಾಳವನ್ನು. ಮೈ ತಣ್ಣಗಾಗಿ, ಅಸಿಡೋಸಿಸ್ ಆಗಿ (ರಕ್ತದಲ್ಲಿ ಆಮ್ಲ ಹೆಚ್ಚಿ), ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರೆ ವೇನ್ ಕಟ್ಟಿ ಅಥವಾ ಶಂಟ್ (ರಕ್ತ ಹರಿಸುವ ತಾತ್ಕಾಲಿಕ ಕೊಳವೆ) ಹಾಕಿ ಮುಗಿಸಿ. ಸ್ಥಿರವಾಗಿದ್ದರೆ ಉಳಿಸಲು ನೋಡಿ. ಆಗ ಆರ್ಟರಿಗೆ ಶಂಟ್ ಹಾಕಿ ಪಾದಕ್ಕೆ ರಕ್ತ ಹರಿಸಿ, ವೇನ್ ಹೊಲಿದು, ಕೊನೆಗೆ ಆರ್ಟರಿ ಸರಿಮಾಡಿ. ವಾಪಸ್ ಹೋಗಲು ದಾರಿಯಿಲ್ಲದೆ ರಕ್ತ ನುಗ್ಗಿಸಿದರೆ ಕಾಲು ಊದುತ್ತದೆ, ಗಾಯವೂ ಒಸರುತ್ತಲೇ ಇರುತ್ತದೆ.

ರಕ್ತದ ಮಡುವಿನಲ್ಲಿ ಕಣ್ಣುಮುಚ್ಚಿ ಕ್ಲ್ಯಾಂಪ್ ಹಾಕಲೇಬೇಡಿ, ತೆಳು ಗೋಡೆ ಇನ್ನಷ್ಟು ಸೀಳುತ್ತದೆ. ತೂತಿನ ಮೇಲೂ ಕೆಳಗೂ ಬೆರಳು ಅಥವಾ ಸ್ಪಂಜ್ ಸ್ಟಿಕ್ (ಇಕ್ಕಳಕ್ಕೆ ಸಿಕ್ಕಿಸಿದ ಗಾಜ್ ಉಂಡೆ) ಒತ್ತಿ. ಜಜ್ಜಿದ ಅಂಚು ಕತ್ತರಿಸಿ, ಮೀನಖಂಡ ಹಿಂಡಿ ಹೆಪ್ಪನ್ನು ಹೊರತೆಗೆಯಿರಿ. ಕೆಳಮುಖವಾಗಿ ಬಲೂನ್ ಕ್ಯಾಥೆಟರ್ ತುರುಕಿದರೆ ಕವಾಟಗಳು ಹಾಳು. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆತ ಸಲೈನ್‌ನಿಂದ ತೊಳೆದು 5-0 ಅಥವಾ 6-0 ಗಾತ್ರದ ತೆಳು ದಾರವಾದ ಪಾಲಿಪ್ರೊಪಿಲೀನ್‌ನಲ್ಲಿ ಹೊಲಿಯಿರಿ. ದಾರ ಬಿಗಿದರೆ ಸಂಚಿಯ ಬಾಯಿಯಂತೆ ಮುದುಡುತ್ತದೆ. ಗಂಟನ್ನು ಗೋಡೆಯಿಂದ ತುಸು ದೂರದಲ್ಲಿ ಹಾಕಿ, ರಕ್ತ ಬಿಟ್ಟಾಗ ನಾಳ ಹಿಗ್ಗಲು ಜಾಗವಿರುತ್ತದೆ.

ಟ್ರಾಮಾ_ಓಟಿ:
ನೇರ ಹೊಲಿಗೆಯಲ್ಲಿ ಅರ್ಧದಷ್ಟು ಕಿರಿದಾಗುವಂತಿದ್ದರೆ ವೇನ್ ಪ್ಯಾಚ್ (ವೇನ್ ತುಂಡಿನ ತೇಪೆ). ತುದಿಗಳು ಎಳೆತವಿಲ್ಲದೆ ಕೂಡದಿದ್ದರೆ ಗ್ರಾಫ್ಟ್ (ನಡುವೆ ಬೇರೆ ನಾಳದ ತುಂಡು). ಅದಕ್ಕೆ ಗ್ರೇಟ್ ಸಫೀನಸ್ (ಕಾಲಿನ ಚರ್ಮದಡಿಯ ಉದ್ದ ವೇನ್) ಅನ್ನು ಗಾಯವಾಗದ ಕಾಲಿನಿಂದಲೇ ತೆಗೆಯಿರಿ, ಗಾಯದ ಕಾಲಿಗೆ ಉಳಿದಿರುವ ಹೊರದಾರಿಗಳಲ್ಲಿ ಅದೂ ಒಂದು. ಸಫೀನಸ್ ಸಣ್ಣದಾಯಿತು ಅಂತ ಉದ್ದಕ್ಕೆ ಸೀಳಿ, ಪಕ್ಕಪಕ್ಕಕ್ಕೆ ಹೊಲಿದು ಅಗಲಿಸಿ ಪ್ಯಾನಲ್ ಗ್ರಾಫ್ಟ್ ಮಾಡುವುದುಂಟು. ತುರ್ತಿನಲ್ಲಿ ಅದಕ್ಕೆ ಹಿಡಿಯುವ ಹೊತ್ತು ದುಬಾರಿ, ನನ್ನ ಮತ ಕಟ್ಟುವುದಕ್ಕೇ.

ನಾಳತಜ್ಞ:
ಒಪ್ಪಿದೆ, ಆದರೆ ಮಂಡಿ ಹಿಂದೆ ಕಟ್ಟಿದರೆ ಫ್ಯಾಸಿಯೋಟಮಿ (ಊತದ ಒತ್ತಡ ಇಳಿಸಲು ಸ್ನಾಯುವಿನ ಹೊದಿಕೆ ಸೀಳುವುದು) ಬಗ್ಗೆ ಮೀನಮೇಷ ಎಣಿಸಬೇಡಿ. ಎರಡು ಸೀಳು, ಮಂಡಿ ಕೆಳಗಿನ ಸ್ನಾಯುಗಳ ನಾಲ್ಕೂ ಕಂಪಾರ್ಟ್‌ಮೆಂಟ್. ಡೀಪ್ ಪೋಸ್ಟೀರಿಯರ್ (ಹಿಂಬದಿಯ ಒಳಗಿನದು) ಬಿಟ್ಟುಹೋಗುವುದೇ ಸಾಮಾನ್ಯ ತಪ್ಪು, ಟಿಬಿಯಾ ಮೂಳೆಯಿಂದ ಸೋಲಿಯಸ್ ಸ್ನಾಯು ಬಿಡಿಸದೆ ಅದು ತೆರೆಯುವುದಿಲ್ಲ. ಆಮೇಲೆ ಕಾಲು ಎತ್ತರದಲ್ಲಿರಲಿ, ರಕ್ತಸ್ರಾವದ ಭಯ ಕಳೆದ ಮೇಲೆ ಹೆಪಾರಿನ್, ನಂತರ ಡ್ಯೂಪ್ಲೆಕ್ಸ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್).

ಸರ್ಜರಿ_ಪಿಜಿ:
ಹೊಟ್ಟೆಯೊಳಗೂ ಇದೇ ಲೆಕ್ಕವಾ?

ಟ್ರಾಮಾ_ಓಟಿ:
ಅಲ್ಲ. ಕಿಡ್ನಿ ವೇನ್‌ಗಳಿಗಿಂತ ಕೆಳಗೆ ಐವಿಸಿ (ಕೆಳಮೈಯ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ವೇನ್) ಕಟ್ಟಬಹುದು, ಮೇಲೆ ಕಟ್ಟಿದರೆ ಕಿಡ್ನಿ ಕೈಕೊಡುತ್ತದೆ. ಎಡ ಕಿಡ್ನಿಯ (ರೀನಲ್) ವೇನ್ ಅನ್ನು ಐವಿಸಿ ಹತ್ತಿರ ಕಟ್ಟಿದರೆ ಅದಕ್ಕೆ ಸೇರುವ ಗೊನಾಡಲ್, ಅಡ್ರಿನಲ್ ವೇನ್‌ಗಳು ರಕ್ತ ಸಾಗಿಸುತ್ತವೆ. ಬಲಕ್ಕೆ ಆ ಅನುಕೂಲವಿಲ್ಲ. ಕರುಳಿನ ರಕ್ತ ಸಾಗಿಸುವ ಸುಪೀರಿಯರ್ ಮೆಸೆಂಟೆರಿಕ್ ವೇನ್ ಕಟ್ಟಬೇಕಾಗಿ ಬಂದರೆ ಕರುಳು ಊದುತ್ತದೆ, ಹೊಟ್ಟೆ ಮುಚ್ಚದೆ ಇಟ್ಟು ಮತ್ತೆ ನೋಡಿ. ದ್ರವವೂ ಧಾರಾಳವಾಗಿ ಬೇಕು.