ಪಿನ್‌ಕೋಡ್ ಪಂಚಾಯ್ತಿ

"ನಮ್ಮ ಬೀದರ್ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆ. ಯಾವುದರಿಂದಲೂ ಭಾಗ ಆಗಲ್ಲ," ಅಂದ ಬೀದರಿನವ, ಬಾಯಲ್ಲಿ ಮಿರ್ಚಿ ಭಜಿ ಇಟ್ಟುಕೊಂಡೇ. ಕೋಟೆ ಇದೆ, ಬಿದ್ರಿ ಕಲೆ ಇದೆ. ಸಾಲದು ಅಂತ ಈಗ ಪಿನ್‌ಕೋಡೂ ಬೇಕಂತೆ!

ನಾನು ಕಲಬುರಗಿಯವನು, ಸುಮ್ನೆ ಇರೋಕಾಗುತ್ತಾ? "ಮಾಸ್ತರ, ಮೊದಲು ನಮ್ಮ 585101 ನೋಡ್ರಿ," ಅಂದೆ.

ಮಾಸ್ತರರು ಅಪ್ಪನ ಕೆರೆ ದಂಡೆಗೆ ಗಾಳಿಗೆ ಬಂದವರು. ಆದರೂ ಜೇಬಲ್ಲಿ ಪೆನ್ನಿತ್ತು. ಭಜಿ ಕಟ್ಟಿದ್ದ ಪೇಪರಿನಲ್ಲಿ ಎಣ್ಣೆ ತಾಗದ ಮೂಲೆ ಹುಡುಕಿ ಬರೆದರು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಬೇಕು. 5, 5, 0 ಸೇರಿ ಹತ್ತು. 8, 1, 1 ಸೇರಿದರೂ ಹತ್ತು. ಎರಡೂ ಮೊತ್ತ ಒಂದೇ ಬಂದರೆ 11ರಿಂದ ಭಾಗ ಆಗೇ ಆಗುತ್ತದೆ. ಕೊನೆಗೆ ಉಳಿದದ್ದು 11 × 43 × 1237.

"ನಿಮ್ಮ ಊರಿನ ತೊಗರಿಬ್ಯಾಳಿ ಹಂಗ ಒಡೀತಲ್ಲೋ!" ಅಂತ ಬೀದರಿನವ ನಕ್ಕ.

ಈಗ 585401ರ ಸರದಿ. ಹತ್ತು ಮತ್ತು ಹದಿಮೂರು, 11 ನಡೆಯಲಿಲ್ಲ. 3 ಇಲ್ಲ, 7 ಇಲ್ಲ. "765ರ ತನಕ ನೋಡಿದರೆ ಸಾಕು," ಅಂದರು ಮಾಸ್ತರರು. "ಎರಡೂ ತುಂಡು ಅದಕ್ಕಿಂತ ದೊಡ್ಡವಾದ್ರೆ ಗುಣಿಸಿದಾಗ ಲೆಕ್ಕ ಮೀರಿಹೋಗುತ್ತೆ." ನೂರು ದಾಟಿತು. ಬೀದರಿನವ ಖುಷಿಗೆ ಎಲ್ಲರಿಗೂ ಚಹಾ ಹೇಳಿದ. 131ಕ್ಕೆ 93 ಶೇಷ. 137ಕ್ಕೆ ಸೊನ್ನೆ!

137 × 4273. ಚಹಾ ವಾಪಸ್ ಕಳಿಸೋಕೆ ಆಗಲಿಲ್ಲ, ಬಂದುಬಿಟ್ಟಿತ್ತು.

"ಎರಡೇ ತುಂಡಲ್ವಾ?" ಅಂತ ಪಾಪ ಅವನೇ ಸಮಾಧಾನ ಮಾಡಿಕೊಂಡ. ಮಾಸ್ತರರೂ ಒಪ್ಪಿದರು. ಗುಣಿಸೋದು ಸುಲಭ, ಒಡೆಯೋದು ಕಷ್ಟ. 1977ರಲ್ಲಿ ಬಂದ ಆರ್‌ಎಸ್‌ಎ ಅನ್ನೋ ಗುಪ್ತಲಿಪಿ ನಿಂತಿರೋದೇ ಇದರ ಮೇಲೆ. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ ಬಂದ ಸಂಖ್ಯೆಯೇ ಅಲ್ಲಿ ಬೀಗ. ಈಗ ಬಳಸುವ ಅಂಥ ಸಂಖ್ಯೆಗಳಲ್ಲಿ 600ಕ್ಕೂ ಜಾಸ್ತಿ ಅಂಕಿ ಇರುತ್ತವೆ. ಭಜಿ ಪೇಪರ್ ಸಾಲೋದಿಲ್ಲ.

ವಾಡಿಯವ ಅಲ್ಲಿತನಕ ಬರೀ ತಿಂತಾ ಇದ್ದ. ಮೆಲ್ಲಗೆ ಕೇಳಿದ, "ಮಾಸ್ತರ, ಆ 765ರ ವರ್ಗ ಎಷ್ಟು?"

5ರಲ್ಲಿ ಮುಗಿಯುವ ಸಂಖ್ಯೆ, ಬಾಯಲ್ಲೇ ಹೇಳಬಹುದು. 76ನ್ನು 77ರಿಂದ ಗುಣಿಸಿದರೆ 5852. ಪಕ್ಕಕ್ಕೆ 25 ಬರೆದರೆ 585225.

"ಅದು ನಮ್ಮ ವಾಡಿ ಪಿನ್‌ಕೋಡು!"

ಎಲ್ಲರೂ ಮೊಬೈಲ್ ತೆಗೆದೆವು. ಹೌದು, ವಾಡಿಯದೇ! ಮಾಸ್ತರರ ಪೆನ್ನು ಮತ್ತೆ ಓಡಿತು. 764ರ ವರ್ಗ 583696, 766ರದ್ದು 586756. ಅಂದರೆ 585ರಿಂದ ಶುರುವಾಗುವ ಆರಂಕಿ ಸಂಖ್ಯೆಗಳಲ್ಲಿ ಪೂರ್ಣ ವರ್ಗ ಇರೋದು ಇದೊಂದೇ. ಕೋಟೆಯ ಊರಿಗೂ ಸಿಗಲಿಲ್ಲ, ಜಿಲ್ಲಾ ಕೇಂದ್ರಕ್ಕೂ ಸಿಗಲಿಲ್ಲ. ಸಿಮೆಂಟ್ ಫ್ಯಾಕ್ಟರಿ, ರೈಲ್ವೆ ಜಂಕ್ಷನ್ ಇರುವ ವಾಡಿಗೆ ಸಿಕ್ಕಿತು.

ಬೀದರಿನವ ಚಹಾದ ರೊಕ್ಕ ಎಣಿಸುತ್ತಾ ಅಂದ, "ಹಂಗಾದ್ರ ಟ್ರೇನು ಅಲ್ಲಿ ಅಷ್ಟೊತ್ತು ನಿಲ್ಲೋದು ಸಿಗ್ನಲ್ಲಿಗಲ್ಲ, ನಮಸ್ಕಾರ ಮಾಡ್ಲಿಕ್ಕೆ ಅನ್ನು!"